ವಾರಗಿತ್ತಿ ಹಿಡಿದ ನುಂಗಣ್ಣಂದಿರು

ನನ್ನ ವಾರಗಿತ್ತಿ ಯಾರನ್ನೂ ನಂಬುವುದಿಲ್ಲ. ಇದು ದೂರಲ್ಲ, ಅವರ ವಿದ್ಯಾರ್ಹತೆ! ನೀವೋ ನಾನೋ ಯಾರನ್ನೂ ನಂಬದಿದ್ದರೆ ಜನ ಸಂಶಯಪಿಶಾಚಿ ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ಇವರು ಅದೇ ಕೆಲಸವನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಮಾಡಿದ್ದಕ್ಕೆ ಲಾಸ್ ಏಂಜಲೀಸ್‌ನ ಒಂದು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲು ಹೊರಟಿತ್ತು.

ವಾರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅವರು ಧಾರವಾಡದವರು, ನಾನು ಮೈಸೂರಿನವಳು. ಅವರ ಮನೆ ಕಲ್ವರ್ ಸಿಟಿಯಲ್ಲಿ, ನಮ್ಮದು ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ. ನಡುವೆ ಎರಡು ಗಂಟೆಯ ದಾರಿ. ಟ್ರಾಫಿಕ್ ಇದ್ದರೆ ಮೂರು. ಟ್ರಾಫಿಕ್ ಇಲ್ಲದ ದಿನವನ್ನು ನಾನಂತೂ ಕಂಡಿಲ್ಲ. ವಾರಗಿತ್ತಿಯರ ನಡುವೆ ಇಷ್ಟು ದೂರವಿದ್ದರೆ ಸಂಸಾರ ಕ್ಷೇಮ ಎಂದು ನನ್ನ ತಾಯಿ ಮದುವೆಯಲ್ಲೇ ನೆಮ್ಮದಿಯ ಉಸಿರು ಬಿಟ್ಟಿದ್ದರಂತೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರು ನನ್ನನ್ನು ತಂಗಿ ಎನ್ನುತ್ತಾರೆ, ಬೈಯುವಾಗ ಮಾತ್ರ ಹುಚ್ಚಿ. ಲೆಕ್ಕ ಹಾಕಿದರೆ ಹುಚ್ಚಿಯೇ ಮುಂದಿರಬಹುದು.

ತಮ್ಮ ಮಗಳು ಹೈಸ್ಕೂಲಿಗೆ ಹೊರಟ ವರ್ಷವೇ ಅಕ್ಕ ಬೆನ್ನಿಗೆ ಚೀಲ ಹಾಕಿಕೊಂಡು ಯೂನಿವರ್ಸಿಟಿಗೆ ಹೊರಟರು. ಏನು ಓದುತ್ತಿದ್ದಾರೆ ಎಂದು ಮೈಸೂರಿನಿಂದ ಅತ್ತೆ ಫೋನಿನಲ್ಲಿ ಕೇಳಿದಾಗಲೆಲ್ಲ ನಾನು ಕಂಪ್ಯೂಟರ್ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ.

“ಅಕ್ಕ, ನೀವು ಓದ್ತಿರೋದು ನಿಜವಾಗ್ಲೂ ಏನು?”

“ವಾಯರ್‌ಲೆಸ್ ಸೆನ್ಸರ್ ನೆಟ್‌ವರ್ಕಿನ್ಯಾಗ ರೂಟಿಂಗ್ ದಾಳಿ ಹಿಡಿಯೂದು, ಹಿಡದು ತಡಿಯೂದು.”

ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. ಒಗ್ಗರಣೆ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟರು.

“ಇವೆಲ್ಲಾ ಗುಡ್ಡದ ಮ್ಯಾಲೆ ಇಟ್ಟ ಸಣ್ಣ ಡಬ್ಬಿ ಅಂತ ತಿಳ್ಕೋ. ಕಾಡಿಗೆ ಬೆಂಕಿ ಹತ್ತಿದ್ರ ಮೊದಲ ಇವಕ್ಕ ಬಿಸಿ ಗೊತ್ತಾಗ್ತದ. ಆದ್ರ ಇವುಗಳ ದನಿ ಸಣ್ಣದು, ದೂರ ಹೋಗೂದಿಲ್ಲ. ಅದಕ್ಕ ಸಾಸಿವಿ ಡಬ್ಬಿ ಜೀರಗಿ ಡಬ್ಬಿಗೆ ಹೇಳ್ತದ, ಜೀರಗಿ ಮೆಂತ್ಯಕ್ಕ ಹೇಳ್ತದ, ಮೆಂತ್ಯ ನಿನ್ನ ಅಡಗಿಮನಿ ದೊಡ್ಡ ಡಬ್ಬಿಗೆ ಮುಟ್ಟಸ್ತದ. ಅಲ್ಲಿಂದ ಇಂಟರ್ನೆಟ್ ಮ್ಯಾಲೆ ನನ್ನ ಕಡೆ.”

“ಸರಿ, ದಾಳಿ ಎಲ್ಲಿ ಬಂತು?”

“ಈಗ ಮೆಂತ್ಯ ಕಳ್ಳ ಅನ್ಕೋ. ‘ನನ್ನ ದಾರಿನ ಹತ್ತಿರದ್ದು, ಎಲ್ಲಾ ನನ್ನ ಕಡೆ ಕೊಡ್ರಿ’ ಅಂತದ. ಎಲ್ಲಾರೂ ನಂಬಿ ಕೊಡ್ತಾರ. ಅದು ಯಾರಿಗೂ ಮುಟ್ಟಸೂದಿಲ್ಲ, ನುಂಗಿಬಿಡ್ತದ. ಗುಡ್ಡಕ್ಕ ಬೆಂಕಿ ಹತ್ತಿರ್ತದ, ನೀ ಇಲ್ಲಿ ಆರಾಮ ಚಹಾ ಕುಡಕೋತ ಕೂತಿರ್ತಿ!”

ಇಂಗ್ಲಿಷಿನಲ್ಲಿ ಅದಕ್ಕೆ ಕಪ್ಪುರಂಧ್ರದ ಹೆಸರಿದೆಯಂತೆ. ನಮ್ಮಿಬ್ಬರ ನಡುವೆ ಅದು ಅಂದಿನಿಂದ ನುಂಗಣ್ಣ ಎಂದಾಯಿತು.

ಆಗ ಶುರುವಾಯಿತು ನೋಡಿ ನಮ್ಮ ಗ್ರಹಚಾರ! ವಾಟ್ಸಾಪ್ ಇನ್ನೂ ನಮ್ಮ ಕೈಗೆ ಬಾರದ ದಿನಗಳವು. ಇಲ್ಲಿನ ಕನ್ನಡಿಗರಲ್ಲಿ ಸುದ್ದಿ ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಹೋಗಬೇಕಿತ್ತು. ಒಂದು ಮನೆಯವರು ಎರಡು ಮನೆಗೆ ಹೇಳುವುದು, ಅವರು ಮತ್ತೆ ಎರಡು ಮನೆಗೆ. ಅಕ್ಕನಿಗೆ ಇಡೀ ದಕ್ಷಿಣ ಕ್ಯಾಲಿಫೋರ್ನಿಯಾ ಒಂದು ಪ್ರಯೋಗಶಾಲೆಯಾಗಿ ಕಾಣತೊಡಗಿತು. ಪಾರ್ಕಿಂಗ್ ಲಾಟಿನ ಆ ತುದಿಯಿಂದಲೇ “ನಮಸ್ಕಾರಾ!” ಎಂದು ಗರ್ಜಿಸುವ ಒಬ್ಬರಿದ್ದರು. ಅಕ್ಕ ನನ್ನ ಕಿವಿಯಲ್ಲಿ, “ನೋಡು, ಈ ದಾಳಿಗೂ ಒಂದು ಹೆಸರದ. ದನಿ ದೊಡ್ಡದು ಅಂತ ಎಲ್ಲಾರೂ ಇವ್ರು ನಮಗ ಭಾಳ ಹತ್ತಿರದವ್ರು ಅನ್ಕೋತಾರ. ನಾವು ಮಾತಾಡಿದ್ರ ಅವ್ರಿಗೆ ಕೇಳೂದ ಇಲ್ಲ,” ಎಂದರು. ಕನ್ನಡ ಸಂಘದ ಅಧ್ಯಕ್ಷ, ಖಜಾಂಚಿ, ನಾಟಕದ ನಿರ್ದೇಶಕ, ಊಟದ ಉಸ್ತುವಾರಿ ಎಲ್ಲವೂ ತಾವೇ ಆಗಿದ್ದ ಇನ್ನೊಬ್ಬ ಸಜ್ಜನರನ್ನು ನೋಡಿ, “ಒಂದ ಡಬ್ಬಿ, ಹತ್ತು ಹೆಸರು. ಓಟ್ ಹಾಕಿಸಿದ್ರ ಬರೇ ಇವ್ರ ಗೆಲ್ತಾರ,” ಎಂದರು. ಆ ಮಾತಿಗೆ ಮಾತ್ರ ಸಂಶೋಧನೆಯೇ ಬೇಕಿರಲಿಲ್ಲ.

ಇನ್ನು ಅವರು ಯಾರಿಗಾದರೂ ಏನಾದರೂ ಹೇಳಿ ಕಳಿಸುವ ಚಂದ! ಗೊಂಬೆ ಕೂರಿಸಿದ್ದೇನೆ, ಅರಿಶಿನ ಕುಂಕುಮಕ್ಕೆ ಬಾ ಎಂದು ನನಗೆ ಫೋನ್ ಮಾಡುವರು. ಅದೇ ಮಾತನ್ನು ನಮ್ಮವರ ಆಫೀಸಿಗೂ ಫೋನ್ ಮಾಡಿ ಹೇಳುವರು. ಮೈಸೂರಿನ ಅತ್ತೆಗೂ ಹೇಳಿ, ಅವರಿಂದ ನನಗೆ ಹೇಳಿಸುವರು. ನಾನು ಕೆಲಸ ಮಾಡುವ ಪೊವೇಯ ಡೆಂಟಲ್ ಕ್ಲಿನಿಕ್ಕಿಗೂ ಫೋನ್ ಬರುವುದು. ನಾಲ್ಕೂ ಕಡೆಯಿಂದ ಬಂದದ್ದು ಒಂದೇ ಮಾತೇ ಎಂದು ಹೋಲಿಸಿ ನೋಡದೆ ಅವರಿಗೆ ನಿದ್ದೆ ಬಾರದು. ಒಮ್ಮೆ ನಮ್ಮವರು ಮರೆತು ಶನಿವಾರದ ಬದಲು ಭಾನುವಾರ ಎಂದಿದ್ದಕ್ಕೆ ಅವರ ವಿಶ್ವಾಸಾರ್ಹತೆಯನ್ನು ಅಕ್ಕ ಅರ್ಧಕ್ಕೆ ಇಳಿಸಿಬಿಟ್ಟರು. ಅದು ಇಂದಿಗೂ ಪೂರ್ತಿ ಏರಿಲ್ಲ.

ಸುರಂಗದ ಪ್ರಸಂಗ ಹೇಳದಿದ್ದರೆ ಹೇಗೆ? ದೂರದ ಎರಡು ಡಬ್ಬಿಗಳು ಗುಟ್ಟಾಗಿ ಮಾತಾಡಿಕೊಂಡು, ನಡುವಿನವರನ್ನೆಲ್ಲ ದಾಟಿ ಸುದ್ದಿಯನ್ನು ಅತ್ತಿಂದಿತ್ತ ಎಸೆಯುವುದೂ ಒಂದು ಬಗೆಯ ದಾಳಿಯಂತೆ. ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಶಾವಿಗೆ ಪಾಯಸ ತಳ ಹಿಡಿಯಿತು. ಅಕ್ಕನಿಗೆ ಮಾತ್ರ ಫೋನಿನಲ್ಲಿ ಹೇಳಿದೆ. ಪಾತ್ರೆ ನೆನೆಹಾಕುವಷ್ಟರಲ್ಲಿ ಮೈಸೂರಿನಿಂದ ಅತ್ತೆಯ ಫೋನ್: “ಸೌಟು ಹಾಕಿ ತಿರುವಬೇಡಮ್ಮ, ಮೇಲಿಂದು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸ್ಕೋ!” ನಾನು ದಂಗಾದೆ. ಪಕ್ಕದ ಕೋಣೆಯಲ್ಲಿದ್ದ ಗಂಡನಿಗೇ ಗೊತ್ತಿಲ್ಲದ ಪಾಯಸ ಮೈಸೂರಿಗೆ ಮುಟ್ಟಿತ್ತು!

ಅಕ್ಕ ತನಿಖೆಗೆ ಇಳಿದರು. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಸುದ್ದಿ ಕೊಟ್ಟು ಯಾವುದು ಮೈಸೂರಿನಲ್ಲಿ ಏಳುತ್ತದೆ ಎಂದು ಕಾದರು. ಎದ್ದ ಸುದ್ದಿ ಅವರ ಗಂಡನಿಗೆ ಕೊಟ್ಟದ್ದು. ನಮ್ಮ ಭಾವನವರು ಪ್ರತಿದಿನ ಆಫೀಸಿಗೆ ಡ್ರೈವ್ ಮಾಡುವಾಗ ಕಾರಿನಿಂದಲೇ ತಾಯಿಗೆ ಫೋನ್ ಮಾಡಿ ಎರಡೂ ಮನೆಯ ವರದಿ ಒಪ್ಪಿಸುತ್ತಿದ್ದರು.

“ನಮ್ಮಮ್ಮನ ಹತ್ರ ಮಾತಾಡೋದೂ ದಾಳೀನೇನೇ?” ಎಂದರಂತೆ ಭಾವ.

“ಮಾತಾಡ್ರಿ. ಆದ್ರ ಇನ್ನ ಮ್ಯಾಲೆ ನಿಮಗ ಸುದ್ದಿ ಕೊಡೂದಿಲ್ಲ,” ಎಂದರಂತೆ ಅಕ್ಕ. ಪಾಪ, ಭಾವ ಒಂದು ವಾರ ತಾಯಿಯೊಡನೆ ಹವಾಮಾನ ಮಾತಾಡಿದರು.

ಇಷ್ಟೆಲ್ಲ ನಗೆಯ ನಡುವೆ ಒಂದು ದಿನ ಅಕ್ಕನ ದನಿ ಫೋನಿನಲ್ಲಿ ಸಣ್ಣಗಾಗಿತ್ತು. ಅವರ ಪ್ರೊಫೆಸರ್ ಖಡಾಖಂಡಿತವಾಗಿ ಹೇಳಿದ್ದರು. ಕಾಗದದ ಮೇಲಿನ ಲೆಕ್ಕ ಸಾಕು. ನಿಜವಾದ ಗುಡ್ಡದ ಮೇಲೆ ಡಬ್ಬಿಗಳನ್ನಿಟ್ಟು, ಕಳ್ಳ ಡಬ್ಬಿಯನ್ನು ಕಮಿಟಿಯ ಕಣ್ಣೆದುರೇ ಹಿಡಿದು ತೋರಿಸಬೇಕು. ಚಳಿಗಾಲದ ರಜೆಯೊಳಗೆ ಆಗದಿದ್ದರೆ ಡಾಕ್ಟರೇಟ್ ಮರೆತು, ಮಾಸ್ಟರ್ಸ್ ತೆಗೆದುಕೊಂಡು ಮನೆಗೆ ಹೋಗಬಹುದು.

“ಇಷ್ಟ ವರ್ಷ ಓದಿ ಖಾಲಿ ಕೈಲೇ ಬಂದ್ರ ಮಗಳ ಮುಂದ ಹೆಂಗ ನಿಂದ್ರಲಿ, ತಂಗಿ?”

“ಗುಡ್ಡ ತಾನೇ ಬೇಕು? ನಮ್ಮ ಮನೆ ಹಿಂದೇನೇ ಇದೆಯಲ್ಲ ಅಕ್ಕ, ಬನ್ನಿ,” ಎಂದೆ.

ಬಂದರು. ನಮ್ಮ ಹಿತ್ತಲಿನ ಬೇಲಿಯಾಚೆ ಒಣಹುಲ್ಲಿನ ಇಳಿಜಾರು. ಅದರಲ್ಲಿ ಮನೆಮಾಲೀಕರ ಸಂಘದ ಪಾಲಿನ ಜಾಗದ ತುಂಬ ಸಾಬೂನಿನ ಪೆಟ್ಟಿಗೆಯಷ್ಟೇ ಇದ್ದ ಬಿಳಿ ಡಬ್ಬಿಗಳನ್ನು ಕಡ್ಡಿಗೆ ಕಟ್ಟಿ ನೆಟ್ಟರು. ದೊಡ್ಡ ಡಬ್ಬಿಗಳಲ್ಲಿ ಒಂದು ನಮ್ಮ ಅಡುಗೆಮನೆಗೆ, ಇನ್ನೊಂದೆರಡು ಅದೇ ಸಾಲಿನ ಬೇರೆ ಮನೆಗಳಿಗೆ. ಸಂಘದವರು ಇಡಲು ಒಪ್ಪಿದರು, ಆದರೆ ಬಿಳಿ ಬಣ್ಣ ಕೂಡದು ಎಂದರು. ನಮ್ಮ ಬಡಾವಣೆಯಲ್ಲಿ ಮನೆಯಿಂದ ಹಿಡಿದು ಮೇಲ್‌ಬಾಕ್ಸಿನವರೆಗೆ ಎಲ್ಲಕ್ಕೂ ಸಂಘ ಒಪ್ಪಿದ ಮಣ್ಣಿನ ಬಣ್ಣವೇ ಆಗಬೇಕು. ಅಕ್ಕ ಶಿರಸಾವಹಿಸಿ ಒಂದೊಂದನ್ನೂ ಕಿತ್ತು ತಂದು, ಬಣ್ಣ ಬಳಿದು, ಮತ್ತೆ ನೆಟ್ಟರು. ಮಾರನೆಯ ದಿನ ಹೋಗಿ ನೋಡಿದರೆ ಒಂದೂ ಕಾಣದು! ಮಣ್ಣಿನ ಬಣ್ಣದ ಹುಲ್ಲಿನಲ್ಲಿ ಮಣ್ಣಿನ ಬಣ್ಣದ ಡಬ್ಬಿ. ಕಳ್ಳ ಡಬ್ಬಿಯನ್ನು ಹುಡುಕಲು ಬಂದವರು ಎರಡು ದಿನ ಒಳ್ಳೆಯ ಡಬ್ಬಿಗಳನ್ನೇ ಹುಡುಕಿದರು.

ಕಳ್ಳನನ್ನು ಹಿಡಿಯುವ ಅವರ ಉಪಾಯ ಸರಳವಾಗಿತ್ತು. ಪ್ರತಿ ಡಬ್ಬಿಯೂ ಪಕ್ಕದ ಡಬ್ಬಿಯ ಮೇಲೆ ಕಣ್ಣಿಟ್ಟು, ಕೊಟ್ಟದ್ದನ್ನು ಮುಂದೆ ಕಳಿಸಿತೇ ಇಲ್ಲವೇ ನೋಡಿ ಅಂಕ ಕೊಡುವುದು. ಕಡಿಮೆ ಅಂಕ ಬಂದದ್ದು ಕಳ್ಳ. ಇದನ್ನು ಮೊದಲು ಮನುಷ್ಯರ ಮೇಲೆ ಮಾಡಿ ನೋಡೋಣ ಎಂದು ಅಕ್ಕನಿಗೆ ಅದಾವ ಗಳಿಗೆಯಲ್ಲಿ ಹೊಳೆಯಿತೋ! ಪೊವೇಯ ಪಾರ್ಕಿನಲ್ಲಿ ಕನ್ನಡಿಗರ ಪಿಕ್ನಿಕ್ ಇತ್ತು. ನಮ್ಮ ಹಿತ್ತಲಿನ ಮರದ ನಿಂಬೆಹಣ್ಣು ಒಂದು ಬುಟ್ಟಿ ತಂದು, ಹುಲ್ಲಿನ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಹಣ್ಣನ್ನು ಕೈಯಿಂದ ಕೈಗೆ ದಾಟಿಸಿ ಆ ತುದಿಯ ಬುಟ್ಟಿಗೆ ಮುಟ್ಟಿಸಬೇಕು. ಮೂವರಿಗೆ ಮಾತ್ರ ಗುಟ್ಟಾಗಿ ನುಂಗಣ್ಣನ ಪಾತ್ರ. ಬಂದ ಹಣ್ಣನ್ನು ಅವರು ಬಚ್ಚಿಟ್ಟುಕೊಳ್ಳಬೇಕು.

ಆಟ ಮುಗಿದಾಗ ಆ ತುದಿಯ ಬುಟ್ಟಿಯಲ್ಲಿ ಉಳಿದದ್ದು ಒಂದು ಹಿಡಿ. ಭೇಷ್, ಕಳ್ಳರು ಕೆಲಸ ಮಾಡಿದ್ದಾರೆ ಎಂದು ಅಕ್ಕ ಹಿಗ್ಗಿದರು. ಪಕ್ಕದವರಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು.

“ಅಯ್ಯೋ, ಸತ್ಯನಾರಾಯಣ ಪೂಜೆಗೆ ಅವ್ರ ಮನೇಲೇ ಊಟ ಮಾಡಿದೀವಲ್ಲಮ್ಮ. ಹತ್ತೇ ಹಾಕ್ಕೋ,” ಎಂದರು ಒಬ್ಬ ನಿವೃತ್ತ ಡಾಕ್ಟರ್ ಅಂಕಲ್.

“ಒಂಬತ್ತು ಅಂದ್ರೆ ಬೇಜಾರು ಮಾಡ್ಕೊಳಲ್ವಾ ಅವ್ರು? ಹತ್ತು,” ಎಂದರು ಇನ್ನೊಬ್ಬರು.

“ಅಂಕಲ್, ಅವ್ರು ಹಣ್ಣು ಜೇಬಿಗೆ ಹಾಕ್ಕೊಂಡದ್ದು ನೀವು ನೋಡ್ಲಿಲ್ಲೇನು?”

“ನೋಡ್ದೆ. ಎದುರಿಗೇ ಹೇಗಮ್ಮ ಹೇಳೋದು?”

ಒಬ್ಬರು ಹನ್ನೊಂದು ಕೊಟ್ಟರು! ಎಲ್ಲರಿಗೂ ಪೂರ್ಣಾಂಕ, ಬುಟ್ಟಿ ಮಾತ್ರ ಖಾಲಿ. ಗುಟ್ಟಿನ ಮೂವರ ಜೇಬು ಬರಿದು ಮಾಡಿದರೂ ಹಣ್ಣಿನ ಲೆಕ್ಕ ಹತ್ತಲಿಲ್ಲ. ಕೊನೆಗೆ ಸಾಲಿನ ನಡುವಿದ್ದ ಒಬ್ಬ ಆಂಟಿ ತಮ್ಮ ಚೀಲವನ್ನು ತಾವಾಗಿಯೇ ತೆರೆದು, “ಹಣ್ಣು ಎಷ್ಟು ಚೆನ್ನಾಗಿತ್ತು ಅಂದ್ರೆ, ಉಪ್ಪಿನಕಾಯಿಗೆ ಇರ್ಲಿ ಅಂತ ಇಟ್ಕೊಂಡೆ,” ಎಂದರು. ಅವರಿಗೂ ಅಕ್ಕಪಕ್ಕದವರಿಂದ ಹತ್ತಕ್ಕೆ ಹತ್ತೇ ಬಂದಿತ್ತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ, “ನನ್ನ ಡಬ್ಬಿಗಳೂ ಹಿಂಗ ಒಂದಕ್ಕೊಂದು ಹತ್ತು ಕೊಟ್ರ ಮುಗೀತು ನನ್ನ ಕಥಿ. ದಾಕ್ಷಿಣ್ಯಕ್ಕ ಔಷಧ ಇಲ್ಲ,” ಎಂದರು. ಆಮೇಲೆ ತಾವೇ ಔಷಧ ಕಂಡುಹಿಡಿದರು. ಅಂಕ ಕೊಡುವ ಪದ್ಧತಿಯನ್ನೇ ಕಿತ್ತುಹಾಕಿ, ಕಟುವಾದ ಹೊಸ ನಿಯಮ ಬರೆದರು. ಯಾವುದೇ ಡಬ್ಬಿ ಮಾತಿಲ್ಲದೆ ಕುಳಿತರೆ ಅದು ಕಳ್ಳ. ವಿಚಾರಣೆಯಿಲ್ಲ, ಮುಲಾಜಿಲ್ಲ. ಅದನ್ನು ತಕ್ಷಣ ಸಾಲಿನಿಂದ ಹೊರಗೆ ಹಾಕಿ, ಉಳಿದವು ಬೇರೆ ದಾರಿ ಹಿಡಿಯಬೇಕು.

ಪರೀಕ್ಷೆಯ ದಿನ ಬಂತು. ಅಕ್ಟೋಬರಿನ ಒಣಗಾಳಿ ಬೀಸುತ್ತಿತ್ತು. ಇಲ್ಲಿ ಆ ಗಾಳಿ ಎದ್ದರೆ ಕಾಡ್ಗಿಚ್ಚಿನ ಭಯಕ್ಕೆ ಎಲ್ಲರೂ ಒಮ್ಮೆ ಗುಡ್ಡದ ಕಡೆ ನೋಡಿಕೊಳ್ಳುತ್ತಾರೆ. ಅಕ್ಕ ಲಾಸ್ ಏಂಜಲೀಸ್‌ನಲ್ಲಿ ಕಮಿಟಿಯ ಮುಂದೆ. ಗುಡ್ಡದ ಡಬ್ಬಿಗಳೆಲ್ಲ ಅಲ್ಲಿ ಗೋಡೆಯ ಪರದೆಯ ಮೇಲೆ ಹಸಿರು ಚುಕ್ಕೆಗಳು. ನನಗೆ ಬೆಳಿಗ್ಗೆಯೇ ಅಪ್ಪಣೆಯಾಗಿತ್ತು: “ನೀ ಏನೂ ಮಾಡಬ್ಯಾಡ. ಸುಮ್ಮನ ಮನ್ಯಾಗಿರು, ಅಷ್ಟ ಸಾಕು.”

ಇಷ್ಟು ಸುಲಭದ ಕೆಲಸವನ್ನು ಯಾರಾದರೂ ಕೆಡಿಸಲು ಸಾಧ್ಯವೇ? ನಾನು ಕೆಡಿಸಿದೆ! ಅಕ್ಕ ಡಾಕ್ಟರಾಗಿ ಬರುವಷ್ಟರಲ್ಲಿ ಇಡ್ಲಿಗೆ ರುಬ್ಬಿಟ್ಟಿರೋಣ ಎಂದು, ಮೈಸೂರಿನಿಂದ ಹೊತ್ತು ತಂದಿದ್ದ ಗ್ರೈಂಡರನ್ನು ಅದರ ದಪ್ಪ ಟ್ರಾನ್ಸ್‌ಫಾರ್ಮರ್ ಸಮೇತ ಅಡುಗೆಮನೆಯಲ್ಲಿ ಚಾಲೂ ಮಾಡಿದೆ. ಉದ್ದು ಎರಡು ಸುತ್ತು ಸುತ್ತಿತೋ ಇಲ್ಲವೋ, ಠಪ್! ಎಲ್ಲ ನಿಂತಿತು. ಫ್ರಿಜ್ ನಿಂತಿತು, ಫೋನ್ ಸತ್ತಿತು, ಅಕ್ಕನ ದೊಡ್ಡ ಡಬ್ಬಿಯ ದೀಪ ಆರಿತು.

ಬೇರೆ ದೇಶದವರಾಗಿದ್ದರೆ ಗಾಬರಿಯಾಗಿ ಗರಾಜಿನ ಪೆಟ್ಟಿಗೆಯಲ್ಲಿ ಸ್ವಿಚ್ ಬಿದ್ದಿದೆಯೇ ಎಂದು ನೋಡುತ್ತಿದ್ದರೇನೋ. ನಾನು ಮೈಸೂರಿನವಳು. ಕರೆಂಟ್ ಹೋಗಿದೆ, ಅದಕ್ಕೆ ಬೇಕಾದಾಗ ಬರುತ್ತದೆ. ಅದಕ್ಕೆ ಯಾರೇನು ಮಾಡಲು ಸಾಧ್ಯ? ಮೊಬೈಲ್ ಹಿಂದಿನ ಸಂಜೆಯೇ ಚಾರ್ಜ್ ಮುಗಿದು ಮಲಗಿತ್ತು. ಉಳಿದ ಉದ್ದನ್ನು ಕೈಯಲ್ಲೇ ಒಂದಿಷ್ಟು ಕಿವುಚಿ, ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು, ಕ್ಲಿನಿಕ್ಕಿನ ಕ್ಯಾಲೆಂಡರಿನಿಂದ ಗಾಳಿ ಹಾಕಿಕೊಳ್ಳುತ್ತ ಕಾದೆ. ಬಹಳ ವರ್ಷಗಳ ಮೇಲೆ ಊರಿನಲ್ಲಿ ಇದ್ದಂತೆ ಹಾಯೆನಿಸಿತು.

ಅತ್ತ ನಡೆದದ್ದನ್ನು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಭಾವ ಆಮೇಲೆ ಹೇಳಿದರು. ಅಕ್ಕ ಮೊದಲೇ ಗುಡ್ಡದಲ್ಲಿ ಇಟ್ಟಿದ್ದ ಕಳ್ಳ ಡಬ್ಬಿ ಸರಿಯಾಗಿ ಸಿಕ್ಕಿಬಿತ್ತು. ಅದರ ಬೆನ್ನಿಗೇ ನಮ್ಮ ಮನೆಯ ಚುಕ್ಕೆ ಕೆಂಪಾಯಿತು. ಪರದೆಯ ಮೇಲೆ ಕಳ್ಳ ಎಂದು ಬಂತು. ಗುಡ್ಡದ ಡಬ್ಬಿಗಳೆಲ್ಲ ಕ್ಷಣದಲ್ಲಿ ನಮ್ಮ ಮನೆಯನ್ನು ಬಿಟ್ಟು ಪಕ್ಕದ ಮನೆಯ ದಾರಿ ಹಿಡಿದವು.

“ಅದ್ಭುತ! ಎರಡನೆಯ ಕಳ್ಳನನ್ನೂ ಇಟ್ಟಿದ್ದಿರಾ?” ಎಂದರಂತೆ ಪ್ರೊಫೆಸರ್. ಕಮಿಟಿಯ ಉಳಿದವರು ಸಹಿ ಹಾಕಲು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ಅಕ್ಕ ಹೌದು ಎಂದಿದ್ದರೆ ಅಲ್ಲಿಗೆ ಮುಗಿದಿತ್ತು.

“ಇಲ್ಲ. ಅದು ಕಳ್ಳ ಅಲ್ಲ. ಅದು ನನ್ನ ತಂಗಿಯ ಮನೆ,” ಎಂದರಂತೆ ಅಕ್ಕ.

ಅಲ್ಲೇ ಫೋನ್ ಮಾಡಿದರು, ನಾನು ಎತ್ತಲಿಲ್ಲ. ನಮ್ಮವರು ಮೀಟಿಂಗಿನಲ್ಲಿದ್ದರು. ಪ್ರೊಫೆಸರ್ ಪರದೆಯತ್ತ ಕೈ ತೋರಿಸಿ, ಗುಡ್ಡದ ಡಬ್ಬಿಗಳು ಬಿಸಿ ಇಲ್ಲ, ಬೆಂಕಿ ಇಲ್ಲ ಎನ್ನುತ್ತಿವೆಯಲ್ಲ, ಗಾಬರಿ ಯಾಕೆ ಎಂದರು.

“ಇವು ಹೇಳಿದ್ದನ್ನು ನಂಬಬಾರದು ಅಂತ ತೋರಿಸಲಿಕ್ಕೇ ನಾನು ಇಷ್ಟು ವರ್ಷ ಓದಿದ್ದು, ಸರ್! ಇವತ್ತು ಹೇಗೆ ನಂಬಲಿ?” ಎಂದು ಲ್ಯಾಪ್‌ಟಾಪ್ ಮುಚ್ಚಿ, ಕಾರಿನ ಕೀ ತೆಗೆದುಕೊಂಡು ಹೊರಟೇಬಿಟ್ಟರಂತೆ. ಭಾವ ಹಿಂದೆ ಓಡಿದರೆ, ನೀವು ಇಲ್ಲೇ ಇದ್ದು ಫೋನ್ ಮಾಡುತ್ತಿರಿ ಎಂದು ನಿಲ್ಲಿಸಿದರಂತೆ.

ಡಾಕ್ಟರೇಟ್ ಬಂತು, ಗಾಬರಿಯಾಗಬೇಡಿ. ಒಂದು ವರ್ಷ ತಡವಾಗಿ ಬಂತು. ಸಿಟ್ಟಾಗಿದ್ದ ಪ್ರೊಫೆಸರ್, ತನ್ನದೇ ಯಂತ್ರದ ಉತ್ತರ ತಪ್ಪೆಂದು ಹೇಳಿ ಎದ್ದು ಹೋದ ವಿದ್ಯಾರ್ಥಿನಿಯನ್ನು ಬಿಟ್ಟುಕೊಡಲು ಮನಸ್ಸಾಗದೆ ಗಡುವು ಮುಂದೆ ಹಾಕಿಸಿದರು. ಮಾತು ನಿಲ್ಲಿಸಿದ ಡಬ್ಬಿ ಕಳ್ಳನೋ ಅಥವಾ ಕಷ್ಟದಲ್ಲಿದೆಯೋ ಎಂದು ಮೊದಲು ವಿಚಾರಿಸುವುದನ್ನು ಅಕ್ಕ ತಮ್ಮ ಯಂತ್ರಗಳಿಗೆ ಕಲಿಸಿದರು. ಆದರೆ ಆ ಮಧ್ಯಾಹ್ನ ಇದೊಂದೂ ನಮಗೆ ಗೊತ್ತಿರಲಿಲ್ಲ. ಎಲ್ಲ ಮುಗಿಯಿತು, ಇಷ್ಟು ವರ್ಷದ ಓದು ನೀರಿಗೆ ಹೋಯಿತು ಎಂದುಕೊಂಡೇ ಅವರು ಆ ಮೂರು ಗಂಟೆ ಕಾರು ಓಡಿಸಿದ್ದು.

ನಮ್ಮ ಹಿತ್ತಲಿನ ಗೇಟು ದಡಾರನೆ ತೆರೆಯಿತು. ಪರೀಕ್ಷೆಗೆಂದು ಹಾಕಿಕೊಂಡಿದ್ದ ಕರಿ ಕೋಟು, ಕೆದರಿದ ಕೂದಲು, ಗೇಟಿನಲ್ಲಿ ಅಕ್ಕ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಅಕ್ಕಾ, ಮುಗೀತಾ? ಇಲ್ಲಿ ಕರೆಂಟ್ ಹೋಗಿದೆ. ಬರುತ್ತೆ ಈಗ,” ಎಂದೆ.

“ಅಮೆರಿಕಾದಾಗ ಹಿಂಗ ಕರೆಂಟ್ ಹೋಗೂದಿಲ್ಲ, ಹುಚ್ಚಿ!”

ಬೈದವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತರು. ನನಗೆ ಒಂದೊಂದಾಗಿ ಅರ್ಥವಾಗತೊಡಗಿತು.

“ಅಯ್ಯೋ, ಪರೀಕ್ಷೆ ಬಿಟ್ಟು ಬಂದ್ರಾ? ಪಕ್ಕದ ಮನೆಯವ್ರಿಗೆ ಹೇಳಿದ್ರೆ ಬಂದು ನೋಡ್ತಿದ್ರಲ್ಲ ಅಕ್ಕ. ಪೊಲೀಸ್‌ಗಾದ್ರೂ ಹೇಳಬಹುದಿತ್ತು. ಯಾರನ್ನಾದ್ರೂ ಕಳಿಸಬಹುದಿತ್ತಲ್ಲ!”

“ಕಳಸಬಹುದಿತ್ತು,” ಎಂದರು ಅಕ್ಕ. ಉದ್ದಿನ ಹಿಟ್ಟು ಮೆತ್ತಿ ಒಣಗಿದ್ದ ನನ್ನ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. “ಖರೇ ಹೇಳಬೇಕಂದ್ರ, ನಿನ್ನ ಸುದ್ದಿಗೆ ನಡುವ ಯಾರೂ ಬ್ಯಾಡ ಅನಸ್ತು.”

ನನಗೆ ಒಡಹುಟ್ಟಿದವರಿಲ್ಲ. ಒಬ್ಬ ಅಕ್ಕನಿದ್ದಿದ್ದರೆ ಹೇಗಿರುತ್ತಿತ್ತು ಎಂದು ಆ ದಿನದ ಮೇಲೆ ನಾನು ಯೋಚಿಸಿಲ್ಲ.